ಜಾಲತಾಣಕ್ಕೊಂದು ಹೆಸರು

ಬೆಂಗಳೂರಿನ ಮೇಖ್ರಿ ವೃತ್ತವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಕಡೆಗೆ ಹೊರಟವರಿಗೆ ಗಂಗಾನಗರವೆಂಬ ಬಡಾವಣೆ ಸಿಕ್ಕುತ್ತದೆ. ಅದರ ನೆರೆಯಲ್ಲಿಯೇ ಗಂಗೇನಹಳ್ಳಿಯುಂಟು. ಅತ್ತ ದೂರದ ರಾಜಸ್ಥಾನದಲ್ಲಿ ಗಂಗಾನಗರವೆಂಬುದು ಒಂದು ಜಿಲ್ಲೆಯ ಹೆಸರೇ ಆಗಿದೆ. “ಗಂಗಾನಗರ” ಎಂದಷ್ಟೇ ಬರೆದು ಅಂಚೆಯ ಡಬ್ಬಿಗೆ ಹಾಕಿದ ಕಾಗದವು ಎಲ್ಲಿಗೆ ಹೋಗಬೇಕು? ಅಂಚೆ ಇಲಾಖೆಯವರು ಇಂಥ ತೊಡಕುಗಳನ್ನು 1972ರಲ್ಲಿ ಪಿನ್ ಕೋಡ್ ಎಂಬ ಆರಂಕಿಯ ಸಂಖ್ಯೆಯಿಂದ ಬಿಡಿಸಿದರು. 560032 ಎಂದಿದ್ದರೆ ಕಾಗದವು ಬೆಂಗಳೂರಿಗೆ ಬರುವುದು. 335001 ಎಂದಿದ್ದರೆ ರಾಜಸ್ಥಾನಕ್ಕೆ ಹೋಗುವುದು. ಹೆಸರು ಎರಡು ಕಡೆಯೂ ಒಂದೇ ಇರಬಹುದು. ಸಂಖ್ಯೆ ಮಾತ್ರ ಬೇರೆ ಬೇರೆ.

ಅಂತರಜಾಲದಲ್ಲಿ ಈ ಅನುಕೂಲವಿಲ್ಲ. ಅಲ್ಲಿಯೂ ಸಂಖ್ಯೆಗಳುಂಟು, ಆದರೆ ಜನರು ಬರೆಯುವುದು ಹೆಸರನ್ನೇ. ಆದ್ದರಿಂದ ಒಂದೇ ಹೆಸರಿನ ಎರಡು ಊರುಗಳು ನಾಡಿನಲ್ಲಿ ಇರಬಹುದಾದರೂ, ಒಂದೇ ಹೆಸರಿನ ಎರಡು ಜಾಲತಾಣಗಳು ಇಡೀ ಜಗತ್ತಿನಲ್ಲಿ ಇರಕೂಡದು. ಈ ಒಂದು ನಿಯಮದಿಂದಲೇ ಜಾಲತಾಣಕ್ಕೆ ಹೆಸರಿಡುವ ಕೆಲಸವು ಮಗುವಿಗೆ ಹೆಸರಿಡುವುದಕ್ಕಿಂತ ಕಷ್ಟವಾಗಿದೆ.

ಗಂಗಾನಗರದ ಕೆಲವು ವಿದ್ಯಾರ್ಥಿಗಳು ಸೇರಿ ಒಂದು ವಾಚನಾಲಯವನ್ನು ತೆರೆದರೆಂದು ಇಟ್ಟುಕೊಳ್ಳೋಣ. ತಮ್ಮಲ್ಲಿರುವ ಪುಸ್ತಕಗಳ ಪಟ್ಟಿಯನ್ನು ಎಲ್ಲರೂ ನೋಡುವಂತೆ ಜಾಲತಾಣವೊಂದನ್ನು ಮಾಡಬೇಕೆಂದು ಅವರು ಹೊರಟರು. ಮೊದಲ ಪ್ರಶ್ನೆಯೇ ಹೆಸರಿನದು. ಇದಕ್ಕೆ ಡೊಮೈನ್ ಹೆಸರು ಎನ್ನುತ್ತಾರೆ. ಎಂಥ ಹೆಸರು ಒಳ್ಳೆಯದು? ಇದು ಬರಿಯ ಅಭಿರುಚಿಯ ಮಾತೆಂದು ತೋರಬಹುದು. ಆದರೆ ಈ ಹೆಸರುಗಳು ಒಳಗೆ ಹೇಗೆ ಕೆಲಸಮಾಡುತ್ತವೆಂಬುದನ್ನು ತಿಳಿದರೆ, ಒಳ್ಳೆಯ ಹೆಸರಿನ ಲಕ್ಷಣಗಳು ತಾವಾಗಿಯೇ ಹೊರಪಡುತ್ತವೆ.

ಸಂಖ್ಯೆ ಯಂತ್ರಕ್ಕೆ, ಹೆಸರು ಮನುಷ್ಯನಿಗೆ

ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸವುಂಟು. ಹಳೆಯ ಪದ್ಧತಿಯಲ್ಲಿ ಇದು ನಾಲ್ಕು ಸಂಖ್ಯೆಗಳ ಸಾಲು. ಪ್ರತಿಯೊಂದೂ 0ಯಿಂದ 255ರ ಒಳಗೆ ಇರುವುದು. ಒಂದೊಂದು ಸ್ಥಾನದಲ್ಲಿ 256 ಬಗೆ, ಅಂಥ ಸ್ಥಾನಗಳು ನಾಲ್ಕು. 256ನ್ನು ನಾಲ್ಕು ಸಲ ಗುಣಿಸಿದರೆ 429 ಕೋಟಿಗೂ ಮೀರಿದ ವಿಳಾಸಗಳು ದೊರೆಯುತ್ತವೆ. ಇವೂ ಸಾಲದೆ ಬಂದುದರಿಂದ ಇನ್ನೂ ಉದ್ದವಾದ ಸಂಖ್ಯೆಗಳ ಹೊಸ ಪದ್ಧತಿಯೂ ಬಳಕೆಗೆ ಬಂದಿದೆ. ಯಂತ್ರಗಳಿಗೆ ಇಂಥ ಸಂಖ್ಯೆಗಳು ಸುಲಭ. ಮನುಷ್ಯನ ನೆನಪಿಗೆ ಅವು ಒಗ್ಗುವುದಿಲ್ಲ.

ಅಮೆರಿಕದಲ್ಲಿ ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್ ನಡೆಯುತ್ತಿದ್ದ ಕಾಲದಲ್ಲಿ ಇದಕ್ಕೆ ಒಂದು ಸರಳ ಉಪಾಯವಿತ್ತು. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ನೇತೃತ್ವದ ಕಚೇರಿಯು ಈ ಪಟ್ಟಿಯನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರವನ್ನು ಸೇರಿಸುವವರು ಅಲ್ಲಿಗೆ ತಿಳಿಸಬೇಕು; ಉಳಿದವರೆಲ್ಲರೂ ಆಗಾಗ ಹೊಸ ಪಟ್ಟಿಯನ್ನು ತರಿಸಿಕೊಳ್ಳಬೇಕು. ಕೆಲವು ನೂರು ಯಂತ್ರಗಳಿರುವವರೆಗೆ ಇದು ನಡೆಯಿತು. ಜಾಲವು ಬೆಳೆದಂತೆ ಪಟ್ಟಿಯೂ ಬೆಳೆದು, ಒಂದೇ ಕಚೇರಿಯಿಂದ ಅದನ್ನು ನಿಭಾಯಿಸುವುದು ಅಸಾಧ್ಯವಾಗತೊಡಗಿತು.

1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿಯು, ಜಾನ್ ಪೋಸ್ಟೆಲ್ ಅವರ ಪ್ರೇರಣೆಯಿಂದ, ಹೊಸದೊಂದು ವ್ಯವಸ್ಥೆಯನ್ನು ರೂಪಿಸಿದನು. ಅವನ ಉಪಾಯದ ಸಾರವಿಷ್ಟು: ಇಡೀ ಪಟ್ಟಿಯನ್ನು ಯಾರೊಬ್ಬರೂ ಹೊರಬೇಕಾಗಿಲ್ಲ, ಕೆಲಸವನ್ನು ಮರದ ಕೊಂಬೆಗಳಂತೆ ಹಂಚಿಬಿಡಬೇಕು. ಇಂದು ನಾವು ಬಳಸುತ್ತಿರುವ ಡೊಮೈನ್ ಹೆಸರುಗಳ ವ್ಯವಸ್ಥೆ ಇದೇ. ‘ಕಾಮ್’ ಎಂಬ ಕೊಂಬೆಯಲ್ಲಿ ಮೊದಲನೆಯ ಹೆಸರು 1985ರ ಮಾರ್ಚ್ 15ರಂದು ನೋಂದಣಿಯಾಯಿತು. ಅದು ಸಿಂಬಾಲಿಕ್ಸ್ ಎಂಬ ಗಣಕಯಂತ್ರ ಕಂಪನಿಯದು. ಭಾರತದ ಕೊಂಬೆಯಾದ ‘ಇನ್’ 1989ರಲ್ಲಿ ಹುಟ್ಟಿತು.

ಬಲದಿಂದ ಎಡಕ್ಕೆ

ನಾವು ಕಾಗದದ ಮೇಲೆ ವಿಳಾಸ ಬರೆಯುವ ಕ್ರಮವನ್ನು ಗಮನಿಸಿ. ಮೊದಲು ವ್ಯಕ್ತಿಯ ಹೆಸರು, ಅನಂತರ ಬೀದಿ, ಬಡಾವಣೆ, ಊರು, ರಾಜ್ಯ, ಕೊನೆಗೆ ದೇಶ. ಆದರೆ ಪರದೇಶದ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವವನು ಮೊದಲು ನೋಡುವುದು ಕೊನೆಯ ಸಾಲನ್ನು. ‘ಭಾರತ’ ಎಂದಿದ್ದರೆ ಸಾಕು, ಅವನು ಅದನ್ನು ಭಾರತದ ಚೀಲಕ್ಕೆ ಹಾಕುವನು; ಗಂಗಾನಗರ ಎಲ್ಲಿದೆಯೆಂಬುದು ಅವನಿಗೆ ಬೇಕಾಗಿಲ್ಲ.

ಡೊಮೈನ್ ಹೆಸರನ್ನು ಯಂತ್ರವು ಓದುವುದೂ ಹೀಗೆಯೇ, ಕೊನೆಯಿಂದ ಮೊದಲಿಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ‘ಐಐಎಸ್‌ಸಿ.ಎಸಿ.ಇನ್’. ನೀವು ಇದನ್ನು ಬರೆದೊಡನೆ ನಿಮ್ಮ ಯಂತ್ರದ ಪರವಾಗಿ ಹುಡುಕುವ ಒಂದು ಸರ್ವರ್ ಮೊದಲು ‘ಬೇರಿ’ನ ಬಳಿಗೆ ಹೋಗಿ, “ಇನ್ ಎಂಬುದನ್ನು ಬಲ್ಲವರು ಯಾರು?” ಎಂದು ಕೇಳುವುದು. ಬೇರಿನ ಸರ್ವರುಗಳಿಗೆ ಜಗತ್ತಿನಲ್ಲಿ 13 ಹೆಸರುಗಳಿವೆ. ಒಂದೊಂದು ಹೆಸರಿನ ಹಿಂದೆ ನಾನಾ ದೇಶಗಳಲ್ಲಿ ಹರಡಿರುವ ಅನೇಕ ಯಂತ್ರಗಳಿವೆ. ಅಲ್ಲಿಂದ ಭಾರತದ ಸರ್ವರಿನ ವಿಳಾಸ ದೊರೆಯುವುದು. ಭಾರತದ ಕಡೆಯವರನ್ನು ‘ಎಸಿ’ ಎಂದರೆ ಯಾರು, ಅದರೊಳಗೆ ‘ಐಐಎಸ್‌ಸಿ’ ಎಂದರೆ ಯಾರು ಎಂದು ವಿಚಾರಿಸಿದಾಗ ಆ ಸಂಸ್ಥೆಯದೇ ಸರ್ವರ್ ಯಾವುದೆಂದು ತಿಳಿಯುವುದು. ಅದು ಬೇಕಾದ ಸಂಖ್ಯೆಯನ್ನು ಹೇಳುವುದು. ಈ ಓಡಾಟವೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಮ್ಮೆ ತಿಳಿದ ಉತ್ತರವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವ ಏರ್ಪಾಡೂ ಇರುವುದರಿಂದ ಪ್ರತಿಸಲವೂ ಬೇರಿನವರೆಗೆ ಹೋಗಬೇಕಾಗಿಲ್ಲ.

ಈ ವ್ಯವಸ್ಥೆಯಲ್ಲಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು, ಯಂತ್ರವು ಊಹಿಸುವುದಿಲ್ಲ. ಅಂಚೆಯ ಪೇದೆಯು ‘ಗಂಗಾನಗರ’ವನ್ನು ‘ಗಂಗನಗರ’ ಎಂದು ಬರೆದರೂ ಅರ್ಥಮಾಡಿಕೊಂಡು ಕಾಗದವನ್ನು ಮುಟ್ಟಿಸುವನು. ಯಂತ್ರಕ್ಕೆ ಒಂದಕ್ಷರ ತಪ್ಪಿದರೆ ಅದು ಬೇರೆಯೇ ಹೆಸರು. ಎರಡು, ಹೆಸರಿನ ಒಡೆಯನಾರೆಂಬುದು ತಿಳಿಯುವುದು ಅದರ ಬಲತುದಿಯಿಂದ. ಒಳ್ಳೆಯ ಹೆಸರಿನ ಲಕ್ಷಣಗಳೆಲ್ಲವೂ ಈ ಎರಡು ಸಂಗತಿಗಳಿಂದಲೇ ಹುಟ್ಟುತ್ತವೆ.

ಕಿವಿಯ ಪರೀಕ್ಷೆ

ನಿಯಮದ ಮಟ್ಟಿಗೆ ಹೇಳುವುದಾದರೆ ಹೆಸರಿಡುವವನಿಗೆ ಸ್ವಾತಂತ್ರ್ಯ ಬಹಳ. ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ನಡುವೆ ಅಡ್ಡಗೆರೆ, ಇಷ್ಟನ್ನು ಬಳಸಬಹುದು. ಅಡ್ಡಗೆರೆಯು ಮೊದಲಲ್ಲಾಗಲಿ ಕೊನೆಯಲ್ಲಾಗಲಿ ಬರಕೂಡದು. ಚುಕ್ಕಿಗಳ ನಡುವಿನ ಒಂದೊಂದು ಭಾಗವೂ 63 ಅಕ್ಷರಗಳವರೆಗೆ ಇರಬಹುದು. ಇಡೀ ಹೆಸರು 253ನ್ನು ಮೀರಬಾರದು. ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವಿಲ್ಲ. ಆದರೆ ನಿಯಮವು ಒಪ್ಪಿದ ಹೆಸರೆಲ್ಲವೂ ಒಳ್ಳೆಯ ಹೆಸರಾಗಲಾರದು.

ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬನು “ಗಂಗಾನಗರ ವಾಚನಾಲಯ ಎಂದೇ ಇಡೋಣ, ಇದಕ್ಕಿಂತ ಸ್ಪಷ್ಟವಾದ ಹೆಸರುಂಟೆ?” ಎನ್ನುವನು. ಕನ್ನಡದಲ್ಲಿ ಅದು ಸ್ಪಷ್ಟವೇ ಸರಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಹೊರಟಾಗ ನೋಡಿ. ‘ಗಾ’ ಎಂಬ ದೀರ್ಘಕ್ಕೆ ‘ಎ’ ಅಕ್ಷರವನ್ನು ಒಂದು ಸಲ ಬರೆಯುವವರುಂಟು, ಎರಡು ಸಲ ಬರೆಯುವವರೂ ಉಂಟು. ಕೊನೆಯ ‘ರ’ದ ಮುಂದೆ ‘ಎ’ ಇಡುವವರುಂಟು, ಬಿಡುವವರೂ ಉಂಟು. ಅಲ್ಲಿಗೆ ‘ಗಂಗಾನಗರ’ಕ್ಕೆ ನಾಲ್ಕು ರೂಪಗಳಾದುವು. ‘ವಾಚನಾಲಯ’ದಲ್ಲಿ ಮೊದಲಕ್ಷರಕ್ಕೆ ‘ವಿ’ ಅಥವಾ ‘ಡಬ್ಲ್ಯು’, ‘ವಾ’ ದೀರ್ಘಕ್ಕೆ ಎರಡು ಬಗೆ, ‘ನಾ’ ದೀರ್ಘಕ್ಕೆ ಎರಡು ಬಗೆ. ಒಟ್ಟು ಎಂಟು ರೂಪಗಳು. ಎರಡು ಪದಗಳನ್ನೂ ಕೂಡಿಸಿದರೆ 4×8, ಎಂದರೆ 32. ನಡುವೆ ಅಡ್ಡಗೆರೆ ಇದೆಯೋ ಇಲ್ಲವೋ ಎಂಬ ಸಂದೇಹವೂ ಸೇರಿದರೆ 64. ಹೆಸರನ್ನು ಫೋನಿನಲ್ಲಿ ಒಮ್ಮೆ ಕೇಳಿದವನು ಈ 64ರಲ್ಲಿ ಒಂದನ್ನು ಬರೆಯುವನು. ಅವುಗಳಲ್ಲಿ ಸರಿಯಾದುದು ಒಂದೇ. ಉಳಿದ 63 ತಪ್ಪು ದಾರಿಗಳು.

ಕನ್ನಡದ ಹೆಸರುಗಳಿಗೆ ಇದು ವಿಶೇಷವಾದ ತೊಂದರೆ. ‘ತ’ಕಾರಕ್ಕೆ ಕೆಲವರು ‘ಟಿ’ ಎಂದು, ಕೆಲವರು ‘ಟಿ, ಎಚ್’ ಎಂದು ಬರೆಯುತ್ತಾರೆ. ಶ, ಷ, ಸ ಮೂರೂ ಒಂದರೊಳಗೊಂದು ಬೆರೆತುಹೋಗುತ್ತವೆ. ‘ಓ’ಕಾರಕ್ಕೆ ‘ಓ’ ಎಂಬ ಅಕ್ಷರ ಒಂದೋ ಎರಡೋ ಎಂಬ ಸಂಶಯ ಬೇರೆ. ಆದುದರಿಂದ ಕನ್ನಡ ಪದವನ್ನೇ ಆರಿಸಿಕೊಳ್ಳುವುದಾದರೆ ಹ್ರಸ್ವಸ್ವರಗಳೇ ಹೆಚ್ಚಾಗಿರುವ, ಸಂದಿಗ್ಧವಾದ ವ್ಯಂಜನಗಳಿಲ್ಲದ ಪದವನ್ನು ಆರಿಸಬೇಕು. ಉದಾಹರಣೆಗೆ ‘ಕಲಿಮನೆ’ ಎಂಬ ಪದವನ್ನು ಹತ್ತು ಮಂದಿಗೆ ಹೇಳಿ ಬರೆಯಿಸಿದರೆ ಹೆಚ್ಚುಕಡಿಮೆ ಎಲ್ಲರೂ ಅದೇ ಎಂಟು ಅಕ್ಷರಗಳನ್ನು ಬರೆಯುವರು. ಹಾಗೆ ಬರೆದುದನ್ನು ಯಾರಾದರೂ ‘ಕಾಳಿಮನೆ’ ಎಂದು ಓದಿಯಾರು, ನಿಜ. ಆದರೆ ಓದುವುದರಲ್ಲಿ ತಪ್ಪಿದರೆ ನಗುವಷ್ಟೇ ಉಂಟು. ಬರೆಯುವುದರಲ್ಲಿ ತಪ್ಪಿದರೆ ದಾರಿಯೇ ತಪ್ಪುವುದು.

ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಿನೋಡಬಹುದು. ಆರಿಸಿದ ಹೆಸರನ್ನು ಕಾಗದದ ಮೇಲೆ ತೋರಿಸದೆ, ಅಕ್ಷರಗಳನ್ನು ಬಿಡಿಸಿ ಹೇಳದೆ, ಐದಾರು ಮಂದಿಗೆ ಫೋನಿನಲ್ಲಿ ಒಮ್ಮೆ ಹೇಳಿ ಬರೆದುಕೊಳ್ಳಲು ತಿಳಿಸಬೇಕು. ಎಲ್ಲರೂ ಒಂದೇ ಬಗೆಯಾಗಿ ಬರೆದರೆ ಹೆಸರು ಉತ್ತೀರ್ಣವಾಯಿತು. ಅಡ್ಡಗೆರೆಗಳೂ ಅಂಕಿಗಳೂ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸೋಲುತ್ತವೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಡೊಮೈನ್ ಹೆಸರಿನಲ್ಲಿ ‘ಯೂನಿ’ ಮತ್ತು ‘ಮೈಸೂರ್’ಗಳ ನಡುವೆ ಒಂದು ಅಡ್ಡಗೆರೆಯಿದೆ. ನಾಡಿಗೆಲ್ಲ ಗೊತ್ತಿರುವ ಸಂಸ್ಥೆಗೆ ಇದರಿಂದ ನಷ್ಟವಿಲ್ಲ; ಹುಡುಕುವವರು ಹೇಗಾದರೂ ಹುಡುಕಿಕೊಳ್ಳುವರು. ಆದರೆ ಹೆಸರನ್ನು ಬಾಯಲ್ಲಿ ಹೇಳುವವನು ಪ್ರತಿಸಲವೂ “ನಡುವೆ ಅಡ್ಡಗೆರೆ” ಎಂದು ಸೇರಿಸಬೇಕಾಗುವುದು. ಹೊಸದಾಗಿ ಹುಟ್ಟಿದ ಚಿಕ್ಕ ಸಂಸ್ಥೆಗೆ ಈ ಹೊರೆ ಬೇಡ.

ಒಂದಕ್ಷರದ ವ್ಯಾಜ್ಯ

ಒಂದಕ್ಷರದ ವ್ಯತ್ಯಾಸವು ಎಷ್ಟು ದೂರ ಹೋಗಬಹುದೆಂಬುದಕ್ಕೆ ಬೆಂಗಳೂರಿನಲ್ಲಿಯೇ ಆರಂಭವಾದ ಒಂದು ಮೊಕದ್ದಮೆಯು ಸಾಕ್ಷಿಯಾಗಿದೆ. ಸತ್ಯಂ ಇನ್ಫೋವೇ ಎಂಬ ಕಂಪನಿಯು ತನ್ನ ಹೆಸರಿನ ಎರಡು ಪದಗಳ ಅಕ್ಷರಗಳಿಂದ ‘ಸಿಫಿ’ ಎಂಬ ಹೊಸ ಪದವನ್ನು ಕಟ್ಟಿ, 1999ರಲ್ಲಿ ‘ಸಿಫಿನೆಟ್’ ಮೊದಲಾದ ಡೊಮೈನ್ ಹೆಸರುಗಳನ್ನು ನೋಂದಾಯಿಸಿಕೊಂಡಿತು. ಅನಂತರ ಬೇರೊಂದು ಕಂಪನಿಯು ಅದೇ ಹೆಸರನ್ನು, ನಡುವೆ ‘ಎಫ್’ ಅಕ್ಷರವೊಂದನ್ನು ಹೆಚ್ಚಾಗಿ ಸೇರಿಸಿ, ಬಳಸತೊಡಗಿತು. ತನ್ನ ಐವರು ಸಂಸ್ಥಾಪಕರ ಹೆಸರುಗಳ ಮೊದಲಕ್ಷರಗಳಿಂದ ಆ ಪದವು ಹುಟ್ಟಿತೆಂಬುದು ಅದರ ವಾದ. ಬರೆದು ನೋಡಿದರೆ ಎರಡಕ್ಕೂ ಒಂದಕ್ಷರದ ಅಂತರ. ಉಚ್ಚರಿಸಿದರೆ ಅದೂ ಇಲ್ಲ.

ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯವು ಎರಡನೆಯ ಕಂಪನಿಗೆ ತಾತ್ಕಾಲಿಕ ತಡೆಯಾಜ್ಞೆಯನ್ನು ವಿಧಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ವ್ಯಾಜ್ಯವು ದೆಹಲಿಗೆ ಹೋಯಿತು. 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತು, ಕೆಳಗಿನ ನ್ಯಾಯಾಲಯದ ತಡೆಯಾಜ್ಞೆಯನ್ನು ಮತ್ತೆ ಊರ್ಜಿತಗೊಳಿಸಿತು. ಡೊಮೈನ್ ಹೆಸರಿಗೂ ವ್ಯಾಪಾರದ ಗುರುತಿನಂತೆಯೇ ಕಾನೂನಿನ ರಕ್ಷಣೆಯುಂಟೆಂದು ಭಾರತದಲ್ಲಿ ಸ್ಥಿರಪಟ್ಟುದು ಈ ತೀರ್ಪಿನಿಂದ.

ಅದರ ಹಿಂದಿರುವ ತರ್ಕವು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಸಾಧಾರಣ ವ್ಯಾಪಾರದಲ್ಲಿ ಒಂದೇ ಹೆಸರನ್ನು ಇಬ್ಬರು ಬಳಸಬಹುದು. ಹುಬ್ಬಳ್ಳಿಯಲ್ಲೊಂದು ‘ಗಣೇಶ ಸ್ಟೋರ್ಸ್’, ಯಲಹಂಕದಲ್ಲೊಂದು ‘ಗಣೇಶ ಸ್ಟೋರ್ಸ್’ ಇದ್ದರೆ ಯಾರಿಗೂ ತೊಂದರೆಯಿಲ್ಲ. ಊರಿನ ದೂರವೇ ಅವುಗಳನ್ನು ಬೇರ್ಪಡಿಸಿದೆ. ಅಂತರಜಾಲದಲ್ಲಿ ದೂರವೆಂಬುದಿಲ್ಲ. ಒಂದು ಹೆಸರು ಎಲ್ಲೆಡೆಯಿಂದಲೂ ಕಾಣುವುದು, ಅದೂ ಒಬ್ಬರದಾಗಿ ಮಾತ್ರ. ಅದನ್ನು ಬಳಸುವ ಜನರ ನೆನಪಾದರೋ ಅರೆಬರೆಯಾದುದು. ಹೀಗಿರುವಾಗ, ಹೋಲುವ ಹೆಸರಿನಿಂದ ಮೋಸಹೋಗುವ ಸಂಭವ ಹೆಚ್ಚು.

ಆದ್ದರಿಂದ ಹೆಸರನ್ನು ನಿಶ್ಚಯಿಸುವ ಮೊದಲು ಅದು ಯಾರಲ್ಲಿದೆ ಎಂಬುದನ್ನಷ್ಟೇ ಅಲ್ಲದೆ, ಅದನ್ನು ಹೋಲುವ ಹೆಸರುಗಳು ಯಾರಲ್ಲಿವೆ ಎಂಬುದನ್ನೂ ನೋಡಬೇಕು. ಇನ್ನೊಬ್ಬರ ಪ್ರಸಿದ್ಧ ಹೆಸರಿಗೆ ಒಂದಕ್ಷರ ಕೂಡಿಸಿಯೋ ಕಳೆದೋ ಇಟ್ಟ ಹೆಸರು, ಅದರ ಹಿಂದಿರುವ ಉದ್ದೇಶವು ಶುದ್ಧವಾಗಿದ್ದರೂ, ವ್ಯಾಜ್ಯವನ್ನು ಜೊತೆಗೆ ಕಟ್ಟಿಕೊಂಡೇ ಹುಟ್ಟುತ್ತದೆ.

ಊರು ಹೆಸರು ಬದಲಾಯಿಸಿದಾಗ

ಇನ್ನೊಬ್ಬ ವಿದ್ಯಾರ್ಥಿಯು “ಹೆಸರಿನಲ್ಲಿ ಊರು ಬರಲಿ, ಬೆಂಗಳೂರನ್ನು ಸೇರಿಸೋಣ” ಎನ್ನುವನು. ಯಾವ ಬೆಂಗಳೂರು? 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಈ ನಗರವನ್ನು ಕನ್ನಡದ ಉಚ್ಚಾರಕ್ಕೆ ಅನುಗುಣವಾಗಿ ಬರೆಯಬೇಕೆಂದಾಯಿತು. ಅದೇ ದಿನ ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ ಮೊದಲಾಗಿ ಒಟ್ಟು 12 ಊರುಗಳ ಹೆಸರುಗಳು ಬದಲಾದುವು. ಅದಕ್ಕೆ ಮೊದಲು ಹಳೆಯ ಬರಹದಲ್ಲಿ ಡೊಮೈನ್ ಹೆಸರನ್ನು ಪಡೆದಿದ್ದವರು ಹಳೆಯದನ್ನೇ ಉಳಿಸಿಕೊಳ್ಳಬೇಕಾಯಿತು, ಇಲ್ಲವೆ ಎರಡನ್ನೂ ಕಾಪಾಡಿಕೊಳ್ಳಬೇಕಾಯಿತು.

ಸಂಸ್ಥೆಗಳ ಹೆಸರೂ ಶಾಶ್ವತವಲ್ಲ. ಬೆಂಗಳೂರಿನ ಪೌರಾಡಳಿತವನ್ನೇ ನೋಡಿ. ಮಹಾನಗರ ಪಾಲಿಕೆಯಾಗಿದ್ದುದು 2007ರಲ್ಲಿ ‘ಬೃಹತ್’ ಎಂಬ ಪದವನ್ನು ಸೇರಿಸಿಕೊಂಡು ‘ಬಿಬಿಎಂಪಿ’ ಆಯಿತು. ಆ ನಾಲ್ಕಕ್ಷರಗಳೇ ಅದರ ಡೊಮೈನ್ ಹೆಸರೂ ಆದುವು. 2025ರಲ್ಲಿ ಅದರ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರಪಾಲಿಕೆಗಳೂ ಬಂದುವು. ಸಂಕ್ಷೇಪಾಕ್ಷರಗಳಿಂದ ಕಟ್ಟಿದ ಹೆಸರಿಗೆ ಇರುವ ಅಪಾಯವಿದು: ಸಂಸ್ಥೆಯ ಹೆಸರಿನಲ್ಲಿ ಒಂದು ಪದ ಬದಲಾದರೂ ಅಕ್ಷರಗಳಿಗೆ ಅರ್ಥ ತಪ್ಪಿಹೋಗುವುದು. ಅದಲ್ಲದೆ, ಸಂಕ್ಷೇಪಗಳು ಮೂಲವನ್ನು ಮರೆಸುತ್ತವೆ. ಗಂಗಾನಗರದ ಪಕ್ಕದ ಆರ್.ಟಿ. ನಗರವು ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತಿದೆಯೆಂಬುದನ್ನು ಅಲ್ಲಿಯ ನಿವಾಸಿಗಳಲ್ಲಿ ಎಷ್ಟು ಮಂದಿ ನೆನೆಯುತ್ತಾರೆ?

ಮೂರನೆಯ ಬಗೆಯ ಬದಲಾವಣೆಯೂ ಒಂದುಂಟು. ಗಂಗಾನಗರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯು, ಹಳೆಯ ಬೆಂಗಳೂರಿಗರ ಮಾತಿನಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’, ದೇಶದಲ್ಲಿ ಮೊಟ್ಟಮೊದಲು ಜಾಲಕ್ಕೆ ಸೇರಿದ ಸಂಸ್ಥೆಗಳಲ್ಲಿ ಒಂದು. 1986ರಲ್ಲಿ ಆರಂಭವಾದ ‘ಅರ್ನೆಟ್’ ಎಂಬ ಶಿಕ್ಷಣ ಹಾಗೂ ಸಂಶೋಧನೆಯ ಜಾಲದಲ್ಲಿ ಅದು ಪಾಲುದಾರನಾಗಿತ್ತು. ಆ ಕಾರಣದಿಂದ ಬಹುಕಾಲ ಅದರ ಹೆಸರು ‘ಐಐಎಸ್‌ಸಿ.ಅರ್ನೆಟ್.ಇನ್’ ಎಂದಿದ್ದಿತು. ಎಂದರೆ ಸಂಸ್ಥೆಯ ಹೆಸರು ಮತ್ತೊಂದು ಜಾಲದ ಕೊಂಬೆಗೆ ಕಟ್ಟಿಕೊಂಡಿತ್ತು. ಮುಂದೆ ಅದು ‘ಎಸಿ.ಇನ್’ ಎಂಬ ವಿದ್ಯಾಸಂಸ್ಥೆಗಳ ಕೊಂಬೆಗೆ ಬಂದಿತು. ಆದರೆ ಹಿಂದಿನ ವರ್ಷಗಳ ಸಂಶೋಧನ ಪ್ರಬಂಧಗಳಲ್ಲಿ ವಿಜ್ಞಾನಿಗಳ ಹಳೆಯ ವಿಳಾಸಗಳೇ ಅಚ್ಚಾಗಿವೆ. ಅಚ್ಚಾದುದನ್ನು ತಿದ್ದುವವರಾರು? ಜಾಲತಾಣವನ್ನು ಮರುದಿನವೇ ಬದಲಾಯಿಸಬಹುದು. ಇತರರು ತಮ್ಮ ಪುಸ್ತಕಗಳಲ್ಲಿ, ಕಾಗದಗಳಲ್ಲಿ, ನೆನಪಿನಲ್ಲಿ ಬರೆದಿಟ್ಟುಕೊಂಡ ಹೆಸರನ್ನು ಬದಲಾಯಿಸಲಾಗದು.

ಇದರಿಂದ ಎರಡನೆಯ ಲಕ್ಷಣವು ದೊರೆಯಿತು: ಬದಲಾಗಬಹುದಾದ ವಸ್ತುವಿನ ಮೇಲೆ ಹೆಸರನ್ನು ಕಟ್ಟಬಾರದು. ಊರಿನ ಬರಹ, ಇಲಾಖೆಯ ಸಂಕ್ಷೇಪ, ಇಸವಿ, ಈ ಹೊತ್ತಿನ ಬಾಡಿಗೆ ಮನೆಯ ಬೀದಿ, ಇನ್ನೊಬ್ಬರು ಉಚಿತವಾಗಿ ಕೊಟ್ಟ ಕೊಂಬೆ, ಇವೆಲ್ಲ ಬದಲಾಗುವಂಥವು.

ಬಾಲವನ್ನು ನೋಡಿ

ಹೆಸರಿನ ಬಲತುದಿಯನ್ನು ಆರಿಸುವುದೂ ಮುಖ್ಯವಾದುದೇ. ‘ಕಾಮ್’ ವ್ಯಾಪಾರಕ್ಕೆಂದು, ‘ಆರ್ಗ್’ ಸಂಘಸಂಸ್ಥೆಗಳಿಗೆಂದು ಹುಟ್ಟಿದುವು. ಇಂದು ಎರಡನ್ನೂ ಯಾರು ಬೇಕಾದರೂ ಪಡೆಯಬಹುದು. ‘ಇನ್’ ಎಂಬುದನ್ನು 2005ರಿಂದ ಸಾರ್ವಜನಿಕರಿಗೆ ಧಾರಾಳವಾಗಿ ತೆರೆಯಲಾಗಿದೆ. ಆದರೆ ‘ಗವ್.ಇನ್’ ಸರ್ಕಾರಕ್ಕೆ, ‘ಎಸಿ.ಇನ್’ ವಿದ್ಯಾಸಂಸ್ಥೆಗಳಿಗೆ ಮೀಸಲು. ಮೀಸಲಾದ ಬಾಲವು ನಂಬಿಕೆಯ ಮುದ್ರೆಯಿದ್ದಂತೆ. ಈ ಕಾರಣಕ್ಕಾಗಿಯೇ ಭಾರತೀಯ ರಿಸರ್ವ್ ಬ್ಯಾಂಕು ‘ಬ್ಯಾಂಕ್.ಇನ್’ ಎಂಬ ಪ್ರತ್ಯೇಕ ಕೊಂಬೆಯನ್ನು ಏರ್ಪಡಿಸಿ, 2025ರ ಅಕ್ಟೋಬರ್ 31ರೊಳಗೆ ದೇಶದ ಬ್ಯಾಂಕುಗಳೆಲ್ಲ ಅದಕ್ಕೆ ವರ್ಗವಾಗಬೇಕೆಂದು ವಿಧಿಸಿತು. ಹೋಲುವ ಹೆಸರುಗಳಿಂದ ಜನರ ಹಣವನ್ನು ಅಪಹರಿಸುವವರಿಗೆ ತಡೆಯೊಡ್ಡುವುದು ಇದರ ಉದ್ದೇಶ.

ಆದರೆ ಬಾಲವನ್ನು ನೋಡುವ ಅಭ್ಯಾಸವು ಓದುವವನಿಗೂ ಇರಬೇಕು. ‘ನಮ್ಮಬ್ಯಾಂಕ್.ಬ್ಯಾಂಕ್.ಇನ್.ಬೇರೊಂದು.ಕಾಮ್’ ಎಂಬ ಹೆಸರೊಂದು ನಿಮ್ಮ ಫೋನಿಗೆ ಬಂದಿತೆನ್ನಿ. ಎಡದಿಂದ ಓದುವ ಕಣ್ಣಿಗೆ ಅದು ಬ್ಯಾಂಕಿನದೆಂದು ಕಾಣುವುದು. ಬಲದಿಂದ ಓದುವ ಯಂತ್ರಕ್ಕೆ ಅದರ ಒಡೆಯ ‘ಬೇರೊಂದು.ಕಾಮ್’. ಎಡಗಡೆಯ ಭಾಗಗಳನ್ನು ಆ ಒಡೆಯನು ತನ್ನ ಇಷ್ಟದಂತೆ ಬರೆದುಕೊಳ್ಳಬಲ್ಲನು. ಇಂಗ್ಲಿಷಿನ ‘ಆರ್’, ‘ಎನ್’ ಎಂಬ ಎರಡು ಚಿಕ್ಕಕ್ಷರಗಳು ಒತ್ತಾಗಿ ನಿಂತು ‘ಎಂ’ನಂತೆ ಕಾಣುವುದು, ಸೊನ್ನೆಯು ‘ಓ’ ಅಕ್ಷರದಂತೆ ಕಾಣುವುದು, ಇವೂ ಮೋಸಗಾರರ ಹಳೆಯ ಉಪಾಯಗಳು. ಒಳ್ಳೆಯ ಹೆಸರನ್ನಿಡುವವನು ಇಂಥ ಜೋಡಿಗಳಿಂದ ದೂರವಿರಬೇಕು.

ಕನ್ನಡದಲ್ಲಿಯೇ ಬರೆದರೆ?

“ಇಂಗ್ಲಿಷ್ ಅಕ್ಷರಗಳಿಂದಲೇ ಇಷ್ಟು ತೊಂದರೆಯಾದರೆ ಕನ್ನಡದಲ್ಲಿಯೇ ಬರೆಯಬಾರದೇಕೆ?” ಎಂದು ಓದುಗರು ಕೇಳಬಹುದು. ಬರೆಯಬಹುದು. ‘.ಭಾರತ’ ಎಂಬ ಕನ್ನಡ ಲಿಪಿಯ ಬಾಲವೇ ಇಂದು ಉಂಟು. ಹೆಸರುಗಳ ಹಳೆಯ ವ್ಯವಸ್ಥೆಯು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲುದರಿಂದ, ಕನ್ನಡದ ಹೆಸರನ್ನು ತೆರೆಯ ಮರೆಯಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಒಂದು ಗುಪ್ತಲಿಪಿಗೆ ಪರಿವರ್ತಿಸಲಾಗುತ್ತದೆ. 2003ರಲ್ಲಿ ನಿಗದಿಯಾದ ಈ ಗುಪ್ತಲಿಪಿಗೆ ‘ಪ್ಯೂನಿಕೋಡ್’ ಎಂದು ಹೆಸರು. ನಮಗೆ ಕನ್ನಡ ಕಾಣುವುದು. ಯಂತ್ರಕ್ಕೆ ಅದರ ಸಂಕೇತ ಕಾಣುವುದು.

ಕನ್ನಡದಲ್ಲಿ ಬರೆದಾಗ ‘ಗಂಗಾನಗರ ವಾಚನಾಲಯ’ದ 64 ರೂಪಗಳು ಒಂದೇ ರೂಪಕ್ಕೆ ಇಳಿಯುತ್ತವೆ. ಅದು ದೊಡ್ಡ ಲಾಭ. ಆದರೆ ನಮ್ಮ ಲಿಪಿಗೂ ಅದರದೇ ಆದ ಜೋಡಿಗಳಿವೆ. ಕನ್ನಡದ ಅಂಕಿಯಾದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ. ಯಂತ್ರಕ್ಕಾದರೋ ಅನುಸ್ವಾರವು 3202, ಸೊನ್ನೆಯು 3302. ‘ಗಂಗಾ’ ಎಂದು ಬರೆಯುವಾಗ ಅನುಸ್ವಾರದ ಬದಲು ಸೊನ್ನೆಯನ್ನು ಒತ್ತಿದರೆ ನೋಡುವವನಿಗೆ ಭೇದ ತಿಳಿಯದು. ಕನ್ನಡದ ಅ, ಇ, ಜ, ರ, ಲ ಮೊದಲಾದ ಅಕ್ಷರಗಳಿಗೆ ತೆಲುಗಿನಲ್ಲಿ ಅವಳಿಗಳಂಥ ರೂಪಗಳುಂಟು. ಇಂಥ ಗೊಂದಲಗಳನ್ನು ತಡೆಯಲೆಂದೇ, ಹೆಸರುಗಳ ಜಾಗತಿಕ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಆಶ್ರಯದಲ್ಲಿ ಕನ್ನಡವೂ ಸೇರಿದಂತೆ ಬ್ರಾಹ್ಮೀ ಮೂಲದ ಒಂಬತ್ತು ಲಿಪಿಗಳ ತಜ್ಞರು ಕೂಡಿ ಅಕ್ಷರ ಜೋಡಣೆಯ ನಿಯಮಗಳನ್ನು ರಚಿಸಿದ್ದಾರೆ. ಇಂದಿಗೂ ಕೆಲವು ಅರ್ಜಿಗಳೂ ಟಪಾಲು ವ್ಯವಸ್ಥೆಗಳೂ ಕನ್ನಡದ ವಿಳಾಸವನ್ನು ಒಪ್ಪದಿರುವುದುಂಟು. ಆದುದರಿಂದ ಇಂಗ್ಲಿಷ್ ಅಕ್ಷರಗಳ ಒಂದು ಹೆಸರು, ಕನ್ನಡದ ಒಂದು ಹೆಸರು, ಎರಡನ್ನೂ ಪಡೆದು ಒಂದೇ ತಾಣಕ್ಕೆ ಸೇರಿಸುವುದು ಜಾಣತನ.

ಹೆಸರು ಗೇಣಿಯದು

ಕೊನೆಯದಾಗಿ ಒಂದು ಮಾತು. ಡೊಮೈನ್ ಹೆಸರನ್ನು ‘ಕೊಂಡೆವು’ ಎಂದು ಜನ ಹೇಳುವರಷ್ಟೆ. ವಾಸ್ತವವಾಗಿ ಅದು ಕ್ರಯವಲ್ಲ, ಗೇಣಿ. ಒಂದು ವರ್ಷದಿಂದ ಹತ್ತು ವರ್ಷಗಳವರೆಗೆ ಅದನ್ನು ಪಡೆಯಬಹುದು. ಅವಧಿ ಮುಗಿಯುವುದರೊಳಗೆ ನವೀಕರಿಸದಿದ್ದರೆ, ಸ್ವಲ್ಪ ಕಾಲ ಕಾದು ನೋಡಿದ ಬಳಿಕ ಅದು ಬೇರೆಯವರಿಗೆ ದೊರೆಯುವಂತಾಗುತ್ತದೆ. ವಾಚನಾಲಯದ ಹೆಸರನ್ನು ವಿದ್ಯಾರ್ಥಿಯೊಬ್ಬನು ತನ್ನ ಸ್ವಂತ ಹೆಸರಿನಲ್ಲಿ ನೋಂದಾಯಿಸಿ, ಓದು ಮುಗಿಸಿ ಪರಊರಿಗೆ ಹೊರಟುಹೋದನೆನ್ನಿ. ನವೀಕರಣದ ಸೂಚನೆಗಳೆಲ್ಲ ಅವನು ಎಂದೋ ಬಿಟ್ಟ ಇಮೇಲ್ ವಿಳಾಸಕ್ಕೆ ಹೋಗುವುವು. ಒಂದು ದಿನ ತಾಣವೇ ಕಾಣದು. ಕೆಲವು ವಾರಗಳ ಮೇಲೆ ಅದೇ ಹೆಸರಿನಲ್ಲಿ ಅಪರಿಚಿತರ ಜೂಜಿನ ಜಾಹೀರಾತು ಕಾಣಿಸಬಹುದು. ಪುಸ್ತಕಗಳ ಮೇಲೆ ಒತ್ತಿದ ಮೊಹರು, ಸದಸ್ಯರ ಚೀಟಿ, ಬಾಗಿಲಿನ ಹಲಗೆ, ಎಲ್ಲವೂ ಆಗ ಓದುಗರನ್ನು ಅಲ್ಲಿಗೇ ಕಳುಹಿಸುತ್ತಿರುವುವು. ಆದ್ದರಿಂದ ಹೆಸರು ಸಂಸ್ಥೆಯದಾಗಿರಬೇಕು. ಅದರ ಕೀಲಿಕೈ ಕಡೆಯಪಕ್ಷ ಇಬ್ಬರ ಬಳಿ ಇರಬೇಕು. ನವೀಕರಣದ ದಿನಾಂಕವು ಲೆಕ್ಕದ ಪುಸ್ತಕದಲ್ಲಿ ಬರೆದಿರಬೇಕು.

ಈಗ ನಮ್ಮ ವಿದ್ಯಾರ್ಥಿಗಳ ಸಭೆಗೆ ಹಿಂತಿರುಗೋಣ. ಅವರು ಐದಾರು ಹೆಸರುಗಳನ್ನು ಕಾಗದದ ಮೇಲೆ ಬರೆದು, ಒಂದೊಂದಕ್ಕೂ ನಾಲ್ಕು ಪ್ರಶ್ನೆಗಳನ್ನು ಹಾಕಲಿ. ಒಮ್ಮೆ ಕೇಳಿದವನು ಇದನ್ನು ತಪ್ಪಿಲ್ಲದೆ ಬರೆಯಬಲ್ಲನೆ? ಇದು ಬೇರೊಬ್ಬರ ಹೆಸರನ್ನು ಹೋಲುವುದಿಲ್ಲವಷ್ಟೆ? ಹತ್ತು ವರ್ಷಗಳ ಮೇಲೆ, ವಾಚನಾಲಯವು ಬೇರೆ ಬೀದಿಗೆ ಹೋದರೂ, ಈ ಹೆಸರು ಸಲ್ಲುವುದೆ? ನಾವು ಹೋದ ಮೇಲೆ ಇದನ್ನು ನವೀಕರಿಸುವವರು ಯಾರು? ನಾಲ್ಕಕ್ಕೂ ಸರಿಯಾದ ಉತ್ತರವಿರುವ ಹೆಸರು ಅಷ್ಟು ಚೆಲುವಾಗಿರದಿದ್ದರೂ ಚಿಂತೆಯಿಲ್ಲ. ಮಳೆಗಾಲದ ಒಂದು ಸಂಜೆ, ಪುಸ್ತಕವೊಂದು ಬೇಕಾಗಿ, ಗೆಳೆಯನ ಬಾಯಿಂದ ಕೇಳಿದ ಹೆಸರನ್ನು ಫೋನಿನಲ್ಲಿ ಒತ್ತುವ ಹುಡುಗಿಗೆ ವಾಚನಾಲಯದ ಬಾಗಿಲು ಮೊದಲ ಸಲಕ್ಕೇ ತೆರೆದರೆ, ಆ ಹೆಸರು ತನ್ನ ಕೆಲಸವನ್ನು ಮಾಡಿದಂತಾಯಿತು.